ಕೊಳೆ ತೆಗೆದ ಯಂತ್ರ

"ಮೇಜು ಮುಟ್ಟಬೇಡಿ ಅಂದೆನಲ್ಲ!"

ಡಂಕನ್ ಹೇಳುವಷ್ಟರಲ್ಲಿ ಬೆರಿಲ್ ಚಹಾದ ಕಪ್ಪು ಇಟ್ಟಾಗಿತ್ತು. ಹಳೆಯ ಕಂಪ್ಯೂಟರಿಗೆ ಆಟ ತುಂಬುತ್ತಿದ್ದ ಕ್ಯಾಸೆಟ್ಟಿನ ಕಿರುಚಾಟ ತೊದಲಿ ನಿಂತಿತು. ಮೂರನೆಯ ಸಲ. ಮತ್ತೆ ಹಿಂದಕ್ಕೆ ಸುತ್ತಬೇಕು, ಮತ್ತೆ ಐದು ನಿಮಿಷ ಕಾಯಬೇಕು.

"ಬೈಬೇಡ ಕಂದಾ. ಆರಿ ಹೋಗತ್ತೆ ಅಂತ ಇಟ್ಟೆ."

ಐವತ್ತೆಂಟು ವರ್ಷದ ರಸಾಯನಶಾಸ್ತ್ರದ ಮೇಷ್ಟ್ರಿಗೆ ಕಂದಾ! ಇಂಗ್ಲೆಂಡಿನ ಈ ಹ್ಯಾಲಿಫ್ಯಾಕ್ಸಿನ ಮುದುಕಿಯರಿಗೆ ಬಸ್ಸಿನ ಡ್ರೈವರನೂ ಕಂದನೇ. ಡಂಕನ್‌ನ ಒದ್ದೆ ಕೋಟನ್ನು ಅವಳು ಆಗಲೇ ಕೋಣೆ ಕಾಯಿಸುವ ಬಿಸಿ ಕೊಳವೆಗಳ ಮೇಲೆ ಒಣಹಾಕಿದ್ದಳು. ಅದೂ ಅವನನ್ನು ರೇಗಿಸಿತು.

ಅವನ ಮನೆಯಲ್ಲಿ ಹಳೆಯ ಕಂಪ್ಯೂಟರುಗಳು ಹನ್ನೊಂದಿದ್ದವು. ಎಂಬತ್ತರ ದಶಕದ ಈ ಬಿಬಿಸಿ ಮೈಕ್ರೋ, ಅದೂ ಮೊದಮೊದಲು ತಯಾರಾದದ್ದು, ಇರಲಿಲ್ಲ. ಇದು ಬೆರಿಲ್‌ಳ ಮಗ ಟ್ರೆವರ್‌ನದು. ಅವನು ಸತ್ತು ಆರು ವರ್ಷ. "ಶುರುವಾಗೋ ಹಾಗೆ ಮಾಡಿಕೊಡು, ಒಂದೇ ಒಂದು ಸಲ ಆಡ್ಬೇಕು" ಎಂದು ಅವಳು ಕೇಳಿದಾಗ, ಕೊನೆಗೆ ತನಗೇ ಕೊಟ್ಟಾಳು ಎಂದು ಡಂಕನ್ ಲೆಕ್ಕ ಹಾಕಿದ್ದ.

ಕೇಳಿದ್ದಕ್ಕಿಂತ ಹೆಚ್ಚೇ ಮಾಡಿದ್ದ. ಹಳದಿಗಟ್ಟಿದ ಮೈಗೆ ಪೆರಾಕ್ಸೈಡ್ ಬಳಿದು, ಈ ಊರಿನ ಅಪರೂಪದ ಬಿಸಿಲಿಗಾಗಿ ಮೂರು ವಾರ ಕಾದು, ಕೆನೆಬಣ್ಣ ಮರಳಿಸಿದ್ದ. ಕೀಲಿಗಳನ್ನು ಒಂದೊಂದಾಗಿ ಕಿತ್ತು ತೊಳೆದಿದ್ದ. ಅಂತರ್ಜಾಲದಲ್ಲಿ ಹಾಕಿದ ಹಿಂದಿನ, ಇಂದಿನ ಚಿತ್ರಗಳನ್ನು ನೋಡಿ ನಲವತ್ತು ಮಂದಿ ಅಪರಿಚಿತ ಸಂಗ್ರಾಹಕರು ಶಹಬ್ಬಾಸ್ ಎಂದಿದ್ದರು. ಇವಳು ಇನ್ನೂ ಏನೂ ಅಂದಿರಲಿಲ್ಲ.

ನಾಲ್ಕನೆಯ ಸಲ ಆಟ ತೆರೆಗೆ ಬಂತು. ಮೇಲಿನಿಂದ ಸೇಬುಗಳು ಬೀಳುತ್ತವೆ, ಕೆಳಗೆ ಬುಟ್ಟಿ.

ಬೆರಿಲ್ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಬೆರಳುಗಳು ಕೀಲಿಗಳ ಮೇಲೆ ಸುಳಿದಾಡಿದವು, ಇಳಿಯಲಿಲ್ಲ.

"ಚುಕ್ಕೆಗಳೆಲ್ಲಿ?"

"ಯಾವ ಚುಕ್ಕೆ?"

"ಎಡಕ್ಕೆ ಹೋಗೋ ಕೀಲಿ ಮೇಲೊಂದು, ಬಲಕ್ಕೆ ಹೋಗೋದ್ರ ಮೇಲೊಂದು. ನನ್ನ ಉಗುರು ಬಣ್ಣದ್ದು. ಟ್ರೆವರ್‌ಗೆ ಎಂಟು ವರ್ಷ ತುಂಬಿದ್ರೂ ಎಡ ಬಲ ಗೊತ್ತಾಗ್ತಿರ್ಲಿಲ್ಲ. ನಾನೇ ಇಟ್ಟಿದ್ದೆ."

ಡಂಕನ್‌ಗೆ ನೆನಪಾಯಿತು. ಎರಡು ಕೆಂಪು ಕಲೆ. ಸ್ಪಿರಿಟ್, ಹತ್ತಿ, ಅರ್ಧ ಗಂಟೆ. ಕೊನೆಯ ಚೂರು ಹೋದಾಗ ಶಿಳ್ಳೆ ಹಾಕಿದ್ದ.

"ಕೊಳೆ ಅಂದುಕೊಂಡೆ."

"ಕೊಳೇನೇ ಬಿಡು."

ಸೇಬುಗಳು ಬೀಳುತ್ತಲೇ ಇದ್ದವು. ಹಿಡಿಯಲು ಯಾರೂ ಇರಲಿಲ್ಲ.

"ಮೊದಲೇ ಹೇಳಬೇಕಿತ್ತು ನೀವು!" ಅವನ ದನಿ ತರಗತಿಯ ದನಿಯಾಗಿತ್ತು.

"ಹೌದು, ಹೇಳ್ಬೇಕಿತ್ತು." ಅವಳು ಬನ್ನು ಸೀಳಿ, ಅಂಚಿನವರೆಗೂ ಬೆಣ್ಣೆ ಸವರಿ ಅವನ ತಟ್ಟೆಗಿಟ್ಟಳು. "ಚೆನ್ನಾಗಿದೆ ಕಣೋ. ಅಂಗಡೀಲಿದ್ದ ಹಾಗೇ ಇದೆ. ನೀನೇ ಇಟ್ಕೋ."

"ಇಲ್ಲ, ನಾನು ಅದಕ್ಕೆ..."

"ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು? ತಗೊಂಡು ಹೋಗು. ಮಳೆ ಬರ್ತಿದೆ, ತಡಿ."

ಒಳಗಿನಿಂದ ಹೆಣೆದ ಹೊದಿಕೆಯೊಂದನ್ನು ತಂದು ಯಂತ್ರಕ್ಕೆ ಸುತ್ತಿದಳು. ಮೂಲೆಗಳನ್ನು ಒಳಗೆ ಮಡಚಿದಳು. ಡಂಕನ್‌ಗೆ ಬೇಕಾದದ್ದು ಸಿಕ್ಕಿತ್ತು. ಥ್ಯಾಂಕ್ಸ್ ಹೇಳಿದನೋ ಇಲ್ಲವೋ, ಬಾಗಿಲು ಮುಚ್ಚಿದ ಮೇಲೆ ಅವನಿಗೆ ನೆನಪಾಗಲಿಲ್ಲ.

ಬಸ್ಸು ತುಂಬಿತ್ತು. ಮುಂದಿನ ಸೀಟಿನ ಹೆಂಗಸೊಬ್ಬಳು ಅವನು ಎದೆಗವಚಿದ್ದ ಗಂಟನ್ನು ನೋಡಿ ತಟ್ಟನೆ ಎದ್ದಳು.

"ಕೂತ್ಕೊಳ್ಳಿ, ಕೂತ್ಕೊಳ್ಳಿ." ಹಿಂದೆ ಗಲಾಟೆ ಮಾಡುತ್ತಿದ್ದವರತ್ತ ತಿರುಗಿ ತುಟಿಗೆ ಬೆರಳಿಟ್ಟಳು. "ಶ್! ಪಾಪು ಮಲಗಿದೆ."

ಬಸ್ಸಿನ ಗಲಾಟೆ ಅಡಗಿತು. ಡಂಕನ್ ಅವಳ ಸೀಟಿನಲ್ಲಿ ಕೂತ. ತಿರುವಿನಲ್ಲಿ ಗಂಟು ಜಾರಿತು. ಅವನು ಅದರ ಬೆನ್ನಿಗೆ ಕೈಕೊಟ್ಟು ತಟ್ಟತೊಡಗಿದ. ಹೊದಿಕೆಯಡಿ ಎಲ್ಲವೂ ಚೌಕ, ಗಟ್ಟಿ, ತಣ್ಣಗಿತ್ತು.