ಮದುವೆಯಂಗಿಯ ಅಳತೆ

ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಹೊಲಿಗೆ ಅಂಗಡಿ. ಯಂತ್ರದ ಸದ್ದಿಗೇ ಎದ್ದು, ಆ ಸದ್ದಿಗೇ ನಿದ್ದೆಹೋಗುತ್ತಿದ್ದ ದಿನಗಳು ಈಗಲೂ ಕಿವಿಯಲ್ಲಿವೆ. ಅಕ್ಕ ಗುಂಡಿಗಳಿಗೆ ಕಾಜಾ ಹಾಕುತ್ತಾ ಗಿರಾಕಿಗಳ ಮಾತನ್ನು ಅಣಕಿಸುತ್ತಿದ್ದಳು; ಅಪ್ಪ ನಗು ತಡೆಯಲಾರದೆ ಹೊಲಿಗೆ ಸೊಟ್ಟ ಹಾಕಿ, "ಸುಮ್ನಿರೇ ತಾಯಿ!" ಎಂದು ಬಿಚ್ಚಲು ಕೂರುತ್ತಿದ್ದರು.

ಆ ಮನೆಗೊಂದು ಪದ್ಧತಿಯಿತ್ತು. ಮಗಳಾಗಲಿ, ಸೊಸೆಯಾಗಲಿ, ಮದುವೆಯ ದಿನ ಅಜ್ಜಿಗೆ ಅವಳ ಅತ್ತೆಯಿಂದ ಬಂದ ರೇಷ್ಮೆ ಅಂಗಿಯನ್ನೇ ತೊಡಬೇಕು. ಅದರ ಒಂದು ಹೊಲಿಗೆಯನ್ನೂ ಬಿಚ್ಚಬಾರದು. ಬಿಚ್ಚಿದರೆ ವಂಶ ಬೆಳೆಯುವುದಿಲ್ಲವಂತೆ! ಊರವರಿಗೆಲ್ಲ ಮೈಗೆ ತಕ್ಕ ಬಟ್ಟೆ ಹೊಲಿಯುವ ಮನೆ, ತನ್ನ ಹೆಣ್ಣುಗಳನ್ನು ಮಾತ್ರ ಬಟ್ಟೆಗೆ ತಕ್ಕಂತೆ ಇಳಿಸುತ್ತಿತ್ತು.

ಅಕ್ಕನ ಮದುವೆ ಗೊತ್ತಾಯಿತು. ಅಂಗಿ ಅವಳ ಭುಜದಿಂದ ಕೆಳಗಿಳಿಯಲೇ ಇಲ್ಲ. ಅಂದಿನಿಂದ ಅವಳ ತಟ್ಟೆಗೆ ಅಜ್ಜಿಯೇ ಬಡಿಸತೊಡಗಿದಳು. ಬೆಳಿಗ್ಗೆ ಗಂಜಿಯ ತಿಳಿ, ರಾತ್ರಿ ಒಂದು ಹಿಡಿ ಅನ್ನ.

"ಇನ್ನೊಂದು ತುತ್ತು ಹಾಕಜ್ಜೀ..."

"ಮದುವೆ ಆದ್ಮೇಲೆ ಹಂಡೆಗಟ್ಟಲೆ ತಿನ್ನು. ಯಾರು ಬೇಡ ಅಂತಾರೆ?"

ತಿಂಗಳುಗಳು ಕಳೆದವು. ಅಕ್ಕನ ಅಣಕ ನಿಂತಿತು. ಕಾಜಾ ಹಾಕುತ್ತಲೇ ಅವಳು ತೂಕಡಿಸತೊಡಗಿದಳು. ಆಮೇಲೆ ಮುಟ್ಟೂ ನಿಂತಿತು. ಅದು ತಿಳಿದ ದಿನ ಅಜ್ಜಿ ಅವಳನ್ನು ಗೋಡೆಗೆ ಒರಗಿಸಿ ಕೇಳಿದಳು:

"ನಿಜ ಬೊಗಳು. ಯಾವನವನು?"

ಉತ್ತರಿಸುವ ಮೊದಲೇ ಅಕ್ಕ ಕುಸಿದಳು.

ಅಮ್ಮ ಅವಳನ್ನು ಕರೆದೊಯ್ದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರೀಕ್ಷಿಸಿ, "ಬಸುರಲ್ಲ ಕಣಮ್ಮ, ಹಸಿವು" ಎಂದರು. ಅಮ್ಮನಿಗೆ ಅರ್ಥವಾಗಲಿಲ್ಲ.

"ನೋಡಿ, ಮುಟ್ಟಿಗೆ ಅಪ್ಪಣೆ ಹೊರಡೋದು ಹೊಟ್ಟೆಯಿಂದಲ್ಲ, ಮಿದುಳಿಂದ. ಅಲ್ಲಿಂದ ಒಂದು ಹಾರ್ಮೋನು ಬಿಟ್ಟುಬಿಟ್ಟು ಬರ್ತಿರುತ್ತೆ. ಅದು ಮಿದುಳಿನ ಬುಡದ ಗ್ರಂಥಿಯನ್ನ ಎಬ್ಬಿಸುತ್ತೆ, ಆ ಗ್ರಂಥಿ ಅಂಡಾಶಯಕ್ಕೆ ಹೇಳಿಕಳಿಸುತ್ತೆ. ಮೈಗೆ ಅನ್ನ ಸಾಲ್ತಿಲ್ಲ ಅಂತ ಗೊತ್ತಾದ್ರೆ ಮಿದುಳು ಆ ಅಪ್ಪಣೇನೇ ತಗ್ಗಿಸಿಬಿಡುತ್ತೆ. ತಾನೇ ಉಳಿಯೋದು ಕಷ್ಟ, ಇನ್ನೊಂದು ಜೀವ ಹೊರೋದು ಹೆಂಗೆ, ಅಂತ."

"ಉಂಡ್ರೆ ಸರಿಹೋಗುತ್ತಾ?"

"ಸಾಮಾನ್ಯವಾಗಿ ಹೋಗುತ್ತೆ. ಆದ್ರೆ ನಿಧಾನ. ಹೀಗೇ ಬಿಟ್ರೆ ಮೂಳೆಯೂ ಸವೆಯುತ್ತೆ."

ಮನೆಗೆ ಬಂದ ಅಮ್ಮ ನೇರ ಅಡುಗೆಮನೆಗೆ ಹೋಗಿ ಅಕ್ಕನಿಗೆ ತಟ್ಟೆ ತುಂಬ ಬಡಿಸಿದಳು. ಅಜ್ಜಿ ಬಾಗಿಲಲ್ಲೇ ಅಡ್ಡ ನಿಂತಳು.

"ಉಂಡ್ರೆ ಅಂಗಿ ಮೈಗೆ ಹತ್ತಲ್ಲ ಕಣೇ! ನಾನು ತೊಡಲಿಲ್ವಾ? ನನಗೆ ಮಕ್ಕಳಾಗ್ಲಿಲ್ವಾ?"

"ಎಷ್ಟು ವರ್ಷ ಕಾದ ಮೇಲೆ ಆದ್ವು ಅತ್ತೆ?"

ಬಾಗಿಲಿಗೆ ಅಡ್ಡವಿಟ್ಟಿದ್ದ ಕೈಯನ್ನು ಅಜ್ಜಿ ಕೆಳಗಿಳಿಸಿದಳು.

"ನನ್ನನ್ನೂ ಹಿಂಗೇ ಒಣಗಿಸಿ ಆ ಅಂಗಿಗೆ ತುರುಕಿದ್ರಿ. ಮದುವೆ ಆದ್ಮೇಲೂ 'ಸೊಸೆ ಕೊನೇಲಿ ಉಣ್ಲಿ' ಅಂತ ಪಾತ್ರೆ ತಳ ಕೆರೆಸಿದ್ರಿ. ಹೊಟ್ಟೆ ತುಂಬದ ವರ್ಷಗಳಲ್ಲೆಲ್ಲ ಬಂಜೆ ಅಂತ ಕರೆದ್ರಿ. ನಾನು ಕೇಳಿಸ್ಕೊಂಡೆ. ನನ್ನ ಮಗಳು ಕೇಳಿಸ್ಕೊಳ್ಳಲ್ಲ." ಅಮ್ಮ ಮುಂದಿನ ಕೋಣೆಯಲ್ಲಿದ್ದ ಅಪ್ಪನತ್ತ ತಿರುಗಿದಳು. "ಅವಳಿಗೆ ಬೇರೆ ಅಂಗಿ ಹೊಲೀರಿ. ಅಳತೆ ತಗೊಳ್ಳಿ."

ಯಂತ್ರದ ಸದ್ದು ನಿಂತಿತು. ಅಪ್ಪ ಎದ್ದು ಬಂದು, ಕೊರಳಲ್ಲಿದ್ದ ಟೇಪು ತೆಗೆದು, ಅಕ್ಕನ ತೋಳನ್ನು ನೋಡಿ, ಮತ್ತೆ ಮಡಚಿಟ್ಟರು.

"ಈಗ ಬೇಡ. ಮೊದಲು ಉಂಡು ಮೈ ಕೈ ತುಂಬ್ಕೊಳ್ಲಿ. ಮದುವೆ ಕಾಯುತ್ತೆ."

ಓದುವ ತಾಯಂದಿರೇ, ನಿಮ್ಮ ಮನೆಯ ಹುಡುಗಿಯ ತಟ್ಟೆಯನ್ನು ಒಮ್ಮೆ ಇಣುಕಿ ನೋಡಿ. ಅಂದು ಅಕ್ಕ ಅಳುತ್ತಲೇ ಉಂಡಳು. ಅವಳ ತಟ್ಟೆ ಬರಿದಾದಾಗ ಅಜ್ಜಿಯೇ ಮತ್ತೆ ಬಡಿಸಿ, ಇನ್ನೊಂದು ತಟ್ಟೆ ತೆಗೆದು ಅಮ್ಮನ ಮುಂದಿಟ್ಟಳು.

"ನೀನೂ ಕೂತ್ಕೊಳ್ಳೇ. ನಾನು ಬಡಿಸ್ತೀನಿ."