ಅರ್ಪಣೆಯ ಪುಟ

ನನ್ನ ತಮ್ಮ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು, ರಮ್ಯಕಾವ್ಯದ ಪಂಡಿತ. ಕವಿಗಳು ಕಂಡ ಕಾಡು, ಹೊಳೆ, ಹಕ್ಕಿಗಳ ಮೇಲೆ ನಾಲ್ಕು ಪುಸ್ತಕ ಬರೆದಿದ್ದಾನೆ. ಆದರೆ ಹುಲ್ಲು ಸೋಕಿದರೆ ಸಾಕು, ಮಹಾಶಯನಿಗೆ ಸಂಜೆಯವರೆಗೂ ಸೀನು! ಹಾಗಾಗಿ ಹೊಸ್ತಿಲು ದಾಟುವ ಕೆಲಸ ನನ್ನ ಪಾಲಿಗೆ ಬಂತು. ಹೊಲಿಗೆ ಮಿಷನ್ನಿಗೆ ಕೂರುವ ಮುಂಚೆ ದಿನಾ ಕಾಲುವೆ ದಂಡೆಯಲ್ಲಿ ನಡೆದು ಬಂದು, ಕಂಡದ್ದನ್ನು ಹೇಳುತ್ತಿದ್ದೆ. ಅವನು ಬರೆದುಕೊಳ್ಳುತ್ತಿದ್ದ. ಪುಸ್ತಕದಲ್ಲಿ ಅದೇ ಮಾತು "ನಾನು ಕಂಡೆ" ಎಂದು ಶುರುವಾಗುತ್ತಿತ್ತು.

ಇಪ್ಪತ್ತು ವರ್ಷ ನಾನು ತುಟಿಪಿಟಿಕ್ಕೆನ್ನಲಿಲ್ಲ. ಹೋದ ವರ್ಷ ಕಣ್ಣಿನ ಡಾಕ್ಟರು ಕೈಚೆಲ್ಲಿದಾಗ ಮಾತ್ರ ಬಾಯಿಬಿಟ್ಟು ಕೇಳಿದೆ.

"ಈ ನಾಲ್ಕನೇದ್ರಲ್ಲಾದ್ರೂ ನನ್ನ ಹೆಸರು ಹಾಕೋ. ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದ್ಸಲ ನೋಡ್ಬೇಕು."

"ಹೆಸರೇನು ಬಂತು, ಅರ್ಪಣೆನೇ ನಿನಗೆ ಕಣಕ್ಕ," ಎಂದ.

ಪ್ರೆಸ್ಸಿನವರು ತಡ ಮಾಡಿದರು. ಪುಸ್ತಕ ಬರುವ ಹೊತ್ತಿಗೆ ಕಿಟಕಿ ಯಾವ ಕಡೆಗಿದೆ ಅನ್ನುವಷ್ಟೇ ಬೆಳಕು ನನಗೆ ಉಳಿದಿತ್ತು. ಅವನೇ ಓದಿ ಹೇಳಿದ: "ನನ್ನ ಕಣ್ಣಾದ ಅಕ್ಕನಿಗೆ." ನಾನು ಗಳಗಳನೆ ಅತ್ತುಬಿಟ್ಟೆ. ಅವನ ಕೈಯಲ್ಲಿ ತೆರೆದಿದ್ದ ಆ ಪುಟದ ಮೂಲೆ ಮಡಿಸಿ ಪುಸ್ತಕವನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟೆ. ಮಿಷನ್ನಿಗೂ ಈಗ ಬೇರೆ ಕೆಲಸವಿರಲಿಲ್ಲ.

ಮರುದಿನ ಕಣ್ಣಿಗೆ ಔಷಧಿ ಹಾಕಲು ಬಂದ ಪಕ್ಕದ ಮನೆ ನರ್ಸಮ್ಮನ ಕೈಗೆ ಜಂಭದಿಂದ ಪುಸ್ತಕ ಕೊಟ್ಟೆ.

"ಮೂಲೆ ಮಡಿಸಿದ್ದೀನಲ್ಲ, ಆ ಪುಟ ಓದಮ್ಮ."

ಹಾಳೆ ಎರಡು ಸಲ ಮಗುಚಿದ ಸದ್ದಾಯಿತು.

"ಇದ್ರಲ್ಲಿ ಏನೂ ಇಲ್ವಲ್ಲಕ್ಕ. ಖಾಲಿ."

"ಹಿಂದೆ ಮುಂದೆ ನೋಡು."

"ನೋಡ್ದೆ. ಮುಂದೆ 'ಮಾನ್ಯ ಕುಲಪತಿಗಳಿಗೆ' ಅಂತಿದೆ, ಅಷ್ಟೇ."

ಹೆಸರು ಹಾಕದಿದ್ದರೆ ಹಾಳಾಗಿ ಹೋಗಲಿ. ನನ್ನ ಕುರುಡನ್ನು ನೆಚ್ಚಿಕೊಂಡು, ಇಲ್ಲದ್ದನ್ನು ಅಷ್ಟು ಸಲೀಸಾಗಿ ಓದಿದನಲ್ಲ! ಜಗಳ ತೆಗೆಯಬೇಕೆಂದುಕೊಂಡೆ, ಅವನು ಮನೆಗೆ ಬಂದಾಗ ಊಟಕ್ಕೆ ತಟ್ಟೆ ಹಾಕಿದೆ.

ಬೆಳಿಗ್ಗೆ ಎಂದಿನಂತೆ ಕೋಲು ಹಿಡಿದು ಕಾಲುವೆ ದಂಡೆಗೆ ಹೋದೆ. ಮೂರು ವರ್ಷದಿಂದ ಪತ್ತೆಯಿಲ್ಲದ ಮಿಂಚುಳ್ಳಿ ಕೂಗಿತು. ಆಮೇಲೆ ನೀರಿಗೆ ಬಿದ್ದು ಎದ್ದ ಸದ್ದೂ ಕೇಳಿತು. ಮುಂದಿನ ಪುಸ್ತಕಕ್ಕೆಂದು ತಮ್ಮ ದಿನಾ ವಿಚಾರಿಸುತ್ತಿದ್ದದ್ದು ಇದನ್ನೇ. ಅದು ಹಾರಿ ಹೋಗುವವರೆಗೂ ಅಲ್ಲೇ ನಿಂತಿದ್ದೆ.

ಮನೆ ಬಾಗಿಲಲ್ಲೇ ಪೆನ್ನಿನ ಮುಚ್ಚಳ ತೆಗೆದ ಸದ್ದು.

"ಏನಕ್ಕ, ಇವತ್ತು ಏನಿತ್ತು?"

"ಏನೂ ಇಲ್ಲ ಕಣೋ. ಖಾಲಿ."

ಅವನು ಅದನ್ನೂ ಬರೆದುಕೊಂಡ.