ಮಾರುದ್ದದ ಹಗ್ಗ

ನಾನು ಒಂದು ಥರ್ಮಾಕೋಲ್ ಪೆಟ್ಟಿಗೆ. ಕಾರ್ಖಾನೆಯ ಅಚ್ಚಿನಲ್ಲಿ ಬಿಳಿ ಕಾಳುಗಳು ಹಬೆಗೆ ಉಬ್ಬಿ ಅಂಟಿಕೊಂಡಾಗ ಹುಟ್ಟಿದೆ. ಔಷಧಿ ಹೊತ್ತು ಹೊನ್ನಾವರಕ್ಕೆ ಬಂದೆ. ಕೆಲಸ ಮುಗಿಯಿತೆಂದು ಅಂಗಡಿಯವರು ಹಿತ್ತಿಲಿಗೆ ಎಸೆದರು. ಅಲ್ಲಿಂದ ಎತ್ತಿಕೊಂಡು ಹೋದವರು ಜಟ್ಟಪ್ಪ ಹರಿಕಾಂತರು. ಅವರಂಥ ಮೀನುಗಾರರನ್ನು ನಾನು ಕಂಡಿಲ್ಲ. ಬೇರೆಯವರನ್ನು ಹೆಚ್ಚು ಕಂಡಿಲ್ಲ ಎನ್ನುವುದೂ ನಿಜ.

ಮಂಡಿಗೆ ಪೆಟ್ಟಾದ ಮೇಲೆ ದೊಡ್ಡ ಬೋಟಿನವರು ಅವರನ್ನು ಕರೆಯುತ್ತಿರಲಿಲ್ಲ. ರೆಸಾರ್ಟೊಂದು ಮಾರಿದ ಹಳೆಯ ಕಯಾಕ್ ತಂದರು. ಒಬ್ಬರೇ ಕೂತು ಹುಟ್ಟು ಹಾಕುವ ಸಪೂರ ಪ್ಲಾಸ್ಟಿಕ್ ದೋಣಿ ಅದು. ಹೆಂಡತಿ ಗುಲಾಬಕ್ಕ ಒಂದೇ ದಿನದ ಅವಕಾಶ ಕೊಟ್ಟರು. ಏನಾದರೂ ಹೆಚ್ಚುಕಮ್ಮಿಯಾದರೆ ಜಟ್ಟಪ್ಪ ಇನ್ನು ನೀರಿನ ಹೆಸರೆತ್ತುವಂತಿರಲಿಲ್ಲ.

ಗಾಳ, ಕತ್ತಿ, ಎರೆಯ ಡಬ್ಬಿ ಕಾಲಿನ ಬಳಿ. ಐಸ್ ತುಂಬಿದ ನಾನು ಬೆನ್ನ ಹಿಂದೆ, ಕಯಾಕಿನ ಸಾಮಾನು ಗುಂಡಿಯಲ್ಲಿ. ನನ್ನ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ಪಟ್ಟಿ. ಬೋಟಿನಲ್ಲಿ ಇದನ್ನೆಲ್ಲ ಯಾರು ಕಟ್ಟುತ್ತಾರೆ ಎಂದು ಜಟ್ಟಪ್ಪ ನಕ್ಕರು. ಗುಲಾಬಕ್ಕ ಮಾರುದ್ದದ ಹಗ್ಗದಲ್ಲಿ ನನ್ನನ್ನು ಕಯಾಕಿಗೆ ಕಟ್ಟಿದರು.

ನೀರಿನ ಮೇಲೆ ಜಟ್ಟಪ್ಪನವರ ಕೈಚಳಕ ನೋಡಬೇಕಿತ್ತು. ಒಂದು ಪದರ ಮೀನು, ಒಂದು ಪದರ ಐಸ್. ಮಧ್ಯಾಹ್ನದೊಳಗೆ ಕೆಂಬೇರಿ, ನೋಗಲಿ ಮೀನುಗಳಿಂದ ನನ್ನ ಹೊಟ್ಟೆ ತುಂಬಿತು. ನನಗೆ ಹೆಮ್ಮೆಯೋ ಹೆಮ್ಮೆ.

ಮರಳುವಾಗ, ನದಿ ಸಮುದ್ರ ಸೇರುವ ಅಳಿವೆಯಲ್ಲಿ ದಡದ ದೇವಿ ಗುಡಿಗೆ ಎದ್ದು ನಿಂತು ಕೈ ಮುಗಿಯುವುದು ಬೋಟಿನವರ ಪದ್ಧತಿ. ಮೂವತ್ತು ವರ್ಷದ ರೂಢಿಯಂತೆ ಜಟ್ಟಪ್ಪ ಎದ್ದು ನಿಂತರು. ಕಯಾಕ್ ಮಗುಚಿತು.

ಗಾಳ, ಕತ್ತಿ, ಡಬ್ಬಿ ನೀರುಪಾಲಾದವು. ಕಯಾಕಿನ ನುಣುಪು ಬೆನ್ನು ಅವರ ಕೈಗೆ ಸಿಗಲಿಲ್ಲ. ಗುಂಡಿಯಿಂದ ಜಾರಿದ ನಾನು ಹಗ್ಗದುದ್ದಕ್ಕೆ ತೇಲಿ ಮೇಲೆ ಬಂದೆ. ಅವರು ನನ್ನನ್ನು ಅಪ್ಪಿಕೊಂಡರು. ಅವರ ಎದೆ ಹೊಡೆದುಕೊಳ್ಳುತ್ತಿದ್ದುದು ನನ್ನ ಮೈಗೆ ಕೇಳುತ್ತಿತ್ತು. ನನಗೂ ಹೆದರಿಕೆಯಾಗಿತ್ತು. ಸಮುದ್ರದಿಂದ ಏರಿ ಬರುತ್ತಿದ್ದ ಭರತದ ನೀರು ನಮ್ಮನ್ನು ಮೆಲ್ಲಗೆ ದಡಕ್ಕೆ ತಳ್ಳಿತು.

ಮನೆಯಲ್ಲಿ ಅವರು ಏನೂ ಮುಚ್ಚಿಡಲಿಲ್ಲ. ಗುಲಾಬಕ್ಕ ನನ್ನ ಮುಚ್ಚಳ ತೆಗೆದರು. ಒಂದು ಮೀನೂ ಹೋಗಿರಲಿಲ್ಲ. ತಾವು ಕಟ್ಟಿದ್ದ ಹಗ್ಗದ ಗಂಟನ್ನು ಮುಟ್ಟಿ ನೋಡಿದರು.

“ಎಲ್ಲಾ ಸಾಮಾನಿಗೂ ನಾನೇ ಹಗ್ಗ ಕಟ್ತೆ,” ಎಂದರು. “ನೀವು ಕೂತ್ಕಂಡೇ ಕೈ ಮುಗೀರಿ. ದೇವಿ ಏನೂ ತಪ್ಪು ತಿಳೂದಿಲ್ಲ.”

ಆರು ವರ್ಷ ದುಡಿದೆ. ಈಗ ಅಂಚು ಮುರಿದು, ಅಂಗಳದಲ್ಲಿ ಮಣ್ಣು ತುಂಬಿಕೊಂಡು ಬಸಳೆ ಬೆಳೆಸುತ್ತಿದ್ದೇನೆ. ನೀರಿಗೆ ಹೊಸ ಪೆಟ್ಟಿಗೆ ಹೋಗುತ್ತದೆ. ಜಟ್ಟಪ್ಪ ಕಯಾಕಿನಲ್ಲಿ ಏಳುವುದಿಲ್ಲ. ಅದಕ್ಕೇ ಹೊರಡುವ ಮೊದಲು ಅಂಗಳದಲ್ಲಿ ನೆಟ್ಟಗೆ ನಿಂತು ಕೈ ಮುಗಿಯುತ್ತಾರೆ.

“ಗುಡಿ ಆಚೆ ಬದಿಗದೆ,” ಎಂದರು ಮೊನ್ನೆ ಗುಲಾಬಕ್ಕ.

“ಗೊತ್ತದೆ,” ಎಂದರು ಜಟ್ಟಪ್ಪ. ನನ್ನ ಕಡೆಗೆ ಮುಗಿದ ಕೈ ಇಳಿಸಲಿಲ್ಲ.